ಒದ್ದೆ ಮರಳಿಗೆ ಬರುವ ಗಂಡು ಚಿಟ್ಟೆಗಳು

ಮಾರ್ಚ್ ತಿಂಗಳಲ್ಲಿ ಹೂಮಳೆ ಬಿದ್ದು, ಅದಾದ ಎಂಟು ಹತ್ತು ದಿನಗಳಿಗೆ ಕಾಫಿ ಗಿಡಗಳು ಬೆಳ್ಳಗೆ ಅರಳಿದಾಗ, ಚಿಕ್ಕಮಗಳೂರಿನ ಕಡೆಗೆ ಕ್ಯಾಮೆರಾ ಹಿಡಿದು ಬರುವವರು ಚಿಟ್ಟೆಗಳನ್ನೂ ಆ ಹೂವಿನ ಸಾಲಿನಲ್ಲಿಯೇ ಹುಡುಕುತ್ತಾರೆ. ಅಲ್ಲಿ ಅವರಿಗೆ ಧಾರಾಳವಾಗಿ ಕಾಣುವುದು ತುಡುವೆ ಮತ್ತು ಹೆಜ್ಜೇನು; ರೊಬಸ್ಟಾ ಜಾತಿಯ ಕಾಫಿಗೆ ಬೇರೆ ಗಿಡದ ಪರಾಗ ಬೇಕೇ ಬೇಕಾದ್ದರಿಂದ ಈ ಗದ್ದಲ ತೋಟದವರಿಗೂ ಹಿತವೇ. ಚಿಟ್ಟೆಗಳನ್ನು ಗುಂಪುಗುಂಪಾಗಿ ನೋಡಬೇಕೆನ್ನುವವರು ತೋಟದ ಇಳಿಜಾರಿನಲ್ಲಿ ಕೆಳಗಿಳಿದು, ಬತ್ತುತ್ತಿರುವ ಹಳ್ಳದ ಅಂಚಿನ ಒದ್ದೆ ಮರಳಿನ ಬಳಿ ನಿಲ್ಲಬೇಕು. ಮೂಡಿಗೆರೆಯ ಕಡೆಯಾಗಲಿ ಸಕಲೇಶಪುರದ ಕಡೆಯಾಗಲಿ, ದನ ನೀರು ಕುಡಿಯಲು ಇಳಿಯುವ ಜಾಗ ಮತ್ತು ಬಟ್ಟೆ ಒಗೆಯುವ ಕಲ್ಲಿನ ಸುತ್ತಲಿನ ನೆಲ, ಬಿಸಿಲು ಬಲಿತ ಮೇಲೆ, ಇದಕ್ಕೆ ಹೇಳಿಮಾಡಿಸಿದಂತಿರುತ್ತವೆ.

ಈ ಗುಂಪಿನ ಚಿತ್ರ ಎಲ್ಲಿ ಕಂಡರೂ ಅದರ ಕೆಳಗೆ 'ಬಿಸಿಲಿನ ಬೇಗೆಗೆ ನೀರು ಕುಡಿಯುತ್ತಿರುವ ಚಿಟ್ಟೆಗಳು' ಎಂಬ ಒಕ್ಕಣೆ ತಪ್ಪದೆ ಇರುತ್ತದೆ. ನೀರೇ ಬೇಕಿದ್ದರೆ ಎರಡು ಅಡಿ ಆಚೆಗೆ ಹಳ್ಳವೇ ಹರಿಯುತ್ತಿರುವಾಗ ಅವು ಮರಳಿಗೆ ಮೂತಿ ಇಡುವುದೇಕೆ ಎಂದು ಬರೆದವರು ಕೇಳಿಕೊಂಡಂತಿಲ್ಲ. ಕಪ್ಪು ರೆಕ್ಕೆಯ ನಡುವೆ ಹಸಿರು ಬೆರೆತ ನೀಲಿ ಪಟ್ಟಿಯುಳ್ಳ ಬ್ಲೂಬಾಟಲ್ ಚಿಟ್ಟೆಯ ಬಳಿ ನೆರಳು ಬೀಳದಂತೆ ಕುಳಿತು ಅದರ ಹಿಂಬದಿಯನ್ನು ಗಮನಿಸಿದರೆ ಉತ್ತರದ ಅರ್ಧ ಭಾಗ ಅಲ್ಲಿಯೇ ಸಿಗುತ್ತದೆ. ಹೀರುನಳಿಕೆ ಮರಳಿನ ಕಣಗಳ ಸಂದಿಯಲ್ಲಿ ಇಳಿದೇ ಇರುತ್ತದೆ, ರೆಕ್ಕೆಗಳು ಸಣ್ಣಗೆ ಅದುರುತ್ತಿರುತ್ತವೆ, ಹೊಟ್ಟೆಯ ತುದಿಯಿಂದ ಮಾತ್ರ ಸ್ವಲ್ಪ ಸ್ವಲ್ಪ ಹೊತ್ತಿಗೊಮ್ಮೆ ತಿಳಿನೀರಿನ ಹನಿಯೊಂದು ಹೊರಬೀಳುತ್ತದೆ. ಕುಡಿದ ನೀರನ್ನು ಹೀಗೆ ಒಂದೇ ಸಮನೆ ಹೊರಚೆಲ್ಲುವ ಪ್ರಾಣಿಯನ್ನು ಬಾಯಾರಿದ ಪ್ರಾಣಿ ಎನ್ನಲಾಗದು. ಅದಕ್ಕೆ ಬೇಕಾದದ್ದು ನೀರಿನಲ್ಲಿ ಕರಗಿರುವ ಉಪ್ಪು, ಇನ್ನೂ ಖಚಿತವಾಗಿ ಹೇಳುವುದಾದರೆ ಸೋಡಿಯಂ.

ನರಗಳಲ್ಲಿ ಸಂಕೇತ ಹರಿಯುವುದಕ್ಕೆ ಪ್ರಾಣಿಗಳಿಗೆ ಸೋಡಿಯಂ ಅನಿವಾರ್ಯ; ಹೆಚ್ಚಿನ ಗಿಡಮರಗಳಿಗೆ ಅದರ ಅಗತ್ಯವೇ ಅಷ್ಟಾಗಿ ಇಲ್ಲ. ಆದ್ದರಿಂದ ಎಲೆಯಲ್ಲಿ ಪೊಟ್ಯಾಸಿಯಂ ಯಥೇಚ್ಛವಾಗಿದ್ದು ಸೋಡಿಯಂ ತೀರಾ ಅತ್ಯಲ್ಪವಾಗಿರುತ್ತದೆ. ಕಕ್ಕೆಯ ಎಲೆ ತಿಂದು ಬೆಳೆದ ಹಳದಿ ಎಮಿಗ್ರಂಟ್ ಚಿಟ್ಟೆಯಾಗಲಿ, ದಾಲ್ಚಿನ್ನಿ ಜಾತಿಯ ಮರಗಳ ಎಲೆ ತಿಂದು ಬೆಳೆದ ಬ್ಲೂಬಾಟಲ್ ಆಗಲಿ, ಹುಳುವಾಗಿದ್ದಾಗ ಮೈಗೂಡಿಸಿಕೊಂಡ ಸೋಡಿಯಂ ತೀರಾ ಕಡಿಮೆ, ಮತ್ತು ಚಿಟ್ಟೆಯಾದ ಮೇಲೆ ಹೀರುವ ಮಕರಂದವು ಸಕ್ಕರೆಯನ್ನು ಕೊಟ್ಟರೂ ಈ ಕೊರತೆಯನ್ನು ತುಂಬಿಕೊಡುವುದಿಲ್ಲ. ಉಪ್ಪು ಹಾಕಿದ ಕಲಗಚ್ಚಿಗೆ ಕೊಟ್ಟಿಗೆಯ ಹಸು ಮುನ್ನುಗ್ಗುವುದಕ್ಕೂ, ಕಾಡಿನ ಆನೆ ಉಪ್ಪುಮಣ್ಣನ್ನು ಹುಡುಕಿಕೊಂಡು ಹೋಗುವುದಕ್ಕೂ ಇರುವ ಕಾರಣ ಇದೇ: ಎಲೆ ತಿನ್ನುವ ಜೀವಿಗಳೆಲ್ಲ ಉಪ್ಪಿಗೆ ಬಡವರು.

ವಸಂತದಲ್ಲಿಯೇ ಈ ಜಾತ್ರೆ ಕೂಡುವುದಕ್ಕೆ ಹಳ್ಳವೂ ಕಾರಣ. ನೀರು ಇಳಿಯುತ್ತಾ ಹೋದಂತೆ ಅಂಚಿನ ಮರಳು ಕೆಳಗಿನ ತೇವವನ್ನು ಮೇಲಕ್ಕೆಳೆಯುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಲವಣ ಮೇಲ್ಪದರದಲ್ಲಿ ಉಳಿಯುತ್ತದೆ, ಮರುದಿನ ಮತ್ತೆ ಅದೇ ನಡೆಯುತ್ತದೆ. ಹರಿಯುವ ನೀರಿಗಿಂತ ಆ ಮರಳಿನ ತೇವವೇ ಚಿಟ್ಟೆಗೆ ರುಚಿ. ಅದರ ಮೇಲೆ ದನದ ಗಂಜಲವೂ ಬಿದ್ದಿದ್ದರೆ ಇನ್ನೇನು ಬೇಕು! ಚಾರಣಿಗರ ಬೆವರಿದ ತೋಳಿನ ಮೇಲೆ ಚಿಟ್ಟೆ ಬಂದು ಕೂರುವುದನ್ನು ಶುಭಶಕುನವೆಂದು ಹೇಳುವವರಿದ್ದಾರೆ; ಬೆವರು ಉಪ್ಪಾಗಿರುವುದಷ್ಟೇ ಅದರ ಹಿಂದಿನ ಸಂಗತಿ. ರೆಕ್ಕೆಯ ಪುಡಿ ಕಣ್ಣಿಗೆ ಬಿದ್ದರೆ ಕುರುಡಾಗುತ್ತದೆಂದು ಮಕ್ಕಳನ್ನು ಹೆದರಿಸುವ ಮಾತಿಗಂತೂ ಉತ್ತರ ಕೊಡುವ ತಾಳ್ಮೆ ನನಗಿಲ್ಲ.

ಉಪ್ಪೇ ಕಾರಣವೆಂಬುದನ್ನು ಪ್ರಯೋಗದಿಂದ ತೋರಿಸಿದ್ದು 1974ರಲ್ಲಿ. ಅಮೆರಿಕದ ಕರೆನ್ ಆರ್ಮ್ಸ್, ಪಾಲ್ ಫೀನಿ ಮತ್ತು ರಾಬರ್ಟ್ ಲೆಡರ್‌ಹೌಸ್ ಅವರು ಬೇರೆಬೇರೆ ದ್ರಾವಣಗಳಲ್ಲಿ ನೆನೆಸಿದ ಮರಳಿನ ತಟ್ಟೆಗಳನ್ನು ಟೈಗರ್ ಸ್ವಾಲೋಟೇಲ್ ಚಿಟ್ಟೆಗಳಿಗೆ ಒಡ್ಡಿ ನೋಡಿದಾಗ, ಅವುಗಳನ್ನು ಹಿಡಿದು ನಿಲ್ಲಿಸಿದ್ದು ಸೋಡಿಯಂ ಇದ್ದ ಮರಳು. ಆದರೆ ಮರಳಿಗೆ ಬರುವುದು ಹೆಚ್ಚುಕಡಿಮೆ ಗಂಡುಗಳೇ ಏಕೆ? ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಪ್ರಶ್ನೆ ಇನ್ನೊಂದಿಲ್ಲ. ಸ್ಕಾಟ್ ಸ್ಮೆಡ್ಲಿ ಮತ್ತು ಥಾಮಸ್ ಐಸ್ನರ್ ಗ್ಲುಫಿಸಿಯಾ ಎಂಬ ಪತಂಗವನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ಫಲಿತಾಂಶ ಇದಕ್ಕೆ ಉತ್ತರ ಕೊಟ್ಟಿತು. ಸೋಡಿಯಂ ಅತಿ ವಿರಳವಾದ ಆಸ್ಪೆನ್ ಮರದ ಎಲೆಯನ್ನು ತಿಂದು ಬೆಳೆಯುವ ಈ ಪತಂಗದ ಗಂಡು ಗಂಟೆಗಟ್ಟಲೆ ಕೆಸರುನೀರನ್ನು ಹೀರುತ್ತದೆ, ಕರುಳಿನಲ್ಲಿ ಸೋಡಿಯಮ್ಮನ್ನು ಹಿಡಿದಿಟ್ಟುಕೊಂಡು ನೀರನ್ನು ಹಿಂದಕ್ಕೆ ಚಿಮ್ಮುತ್ತದೆ, ಕೂಡುವಾಗ ಆ ಸೋಡಿಯಮ್ಮನ್ನು ವೀರ್ಯದ ಪೊಟ್ಟಣದೊಂದಿಗೆ ಹೆಣ್ಣಿಗೆ ಸಾಗಿಸುತ್ತದೆ, ಹೆಣ್ಣು ಅದನ್ನು ಮೊಟ್ಟೆಗಳಿಗೆ ಹಂಚುತ್ತದೆ. ಅಂದರೆ ಉಪ್ಪಿನ ಬಡತನವಿರುವ ಎಲೆಯ ಮೇಲೆ ಹುಟ್ಟಲಿರುವ ಮರಿಹುಳುವಿಗೆ ತಂದೆ ಮೊದಲೇ ಬುತ್ತಿ ಕಟ್ಟಿಕೊಟ್ಟಿರುತ್ತಾನೆ. ಹೆಣ್ಣು ಹಳ್ಳಕ್ಕೆ ಬರದೆ ಮೊಟ್ಟೆಯಿಡಲು ತಕ್ಕ ಗಿಡವನ್ನು ಹುಡುಕುತ್ತಾ ತೋಟದೊಳಗೇ ಇರುವುದಕ್ಕೆ ಇದರಿಂದ ಅರ್ಥ ಬರುತ್ತದೆ.

ಬ್ಲೂ ಟೈಗರ್ ಮತ್ತು ಕ್ರೋ ಬಳಗದ ಚಿಟ್ಟೆಗಳ ಗಂಡುಗಳು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ ವಿಷವನ್ನು ಅರಸುತ್ತವೆ. ಅಪ್ಸೆಣಬಿನ ಸಂಬಂಧಿಯಾದ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಲಗಲ ಸದ್ದು ಮಾಡುವ ಕ್ರೊಟಲೇರಿಯಾ ಗಿಡ ಬೇಲಿಯಲ್ಲಿ ಬಾಡಿ ನಿಂತಿದ್ದರೆ, ಹೂವಿಲ್ಲದ ಆ ಗಿಡದ ಒಣಕಲು ಎಲೆಗೆ ಇವು ಮುತ್ತಿಕೊಂಡಿರುತ್ತವೆ. ಅದರಲ್ಲಿರುವ ಕಹಿ ವಿಷವಾದ ಆಲ್ಕಲಾಯ್ಡ್‌ನಿಂದಲೇ ಗಂಡು ಹೆಣ್ಣನ್ನು ಒಲಿಸುವ ಗಂಧವನ್ನು ತಯಾರಿಸಿಕೊಳ್ಳುತ್ತದೆ. ಇವನ್ನು ನೋಡುವುದಕ್ಕೆ ತಡಮಾಡಬಾರದು: ಮುಂಗಾರಿನ ಹೊಸ್ತಿಲಲ್ಲಿ ಈ ಬಳಗದ ದೊಡ್ಡ ದೊಡ್ಡ ಗುಂಪುಗಳು ಪಶ್ಚಿಮಘಟ್ಟವನ್ನು ಬಿಟ್ಟು ಪೂರ್ವದ ಬಯಲಿಗೆ ವಲಸೆ ಹೋಗುತ್ತವೆ, ಹಿಂತಿರುಗುವುದು ಅಕ್ಟೋಬರ್ ನವೆಂಬರ್ ಹೊತ್ತಿಗೆ.

ಹಳ್ಳ ದಾಟಿಸುವ ಮೋಜಿಗಾಗಿ ಜೀಪು ಓಡಿಸುವವರು ಹಾಯುವುದೂ ಇದೇ ಮರಳಿನ ಮೇಲೆ. ಹೀರುವುದರಲ್ಲಿ ಮೈಮರೆತ ಚಿಟ್ಟೆಗಳು ಥಟ್ಟನೆ ಏಳುವುದಿಲ್ಲ, ಚಕ್ರಕ್ಕೆ ಸಿಕ್ಕಿ ಹಾಸಿಕೊಂಡು ಬೀಳುತ್ತವೆ. ಜೀಪು ಬಾರದ ಜಾಗವನ್ನು ಆರಿಸಿಕೊಂಡು ಉಪ್ಪೇ ಕಾರಣವೆಂಬ ಮೇಲಿನ ಮಾತನ್ನು ಯಾರಾದರೂ ಸ್ವತಃ ಪರೀಕ್ಷಿಸಬಹುದು. ಹಳ್ಳದಿಂದ ಸ್ವಲ್ಪ ದೂರದಲ್ಲಿ, ಒಂದೇ ಬಿಸಿಲು ಬೀಳುವ ಎರಡು ಕಡೆ ಮರಳು ಹರವಿ, ಒಂದಕ್ಕೆ ಬರಿಯ ನೀರನ್ನೂ ಇನ್ನೊಂದಕ್ಕೆ ಚಿಟಿಕೆ ಅಡುಗೆ ಉಪ್ಪು ಕದಡಿದ ನೀರನ್ನೂ ಹಾಕಿ, ಎರಡೂ ಒಣಗದಂತೆ ನೋಡಿಕೊಳ್ಳಬೇಕು. ಒಂದು ಚಿಟ್ಟೆ ಕುಳಿತಲ್ಲಿಗೆ ಇನ್ನೊಂದು ಬಂದು ಸೇರುವ ಅಭ್ಯಾಸ ಇರುವುದರಿಂದ, ಮೊದಲ ದಿನದ ಎಣಿಕೆಯನ್ನಷ್ಟೇ ನಂಬದೆ ಮರುದಿನ ಎರಡರ ಜಾಗವನ್ನೂ ಅದಲುಬದಲು ಮಾಡಿ ಮತ್ತೊಮ್ಮೆ ಎಣಿಸುವುದು ಒಳ್ಳೆಯದು.