ನಂಜು ರಕ್ತಕ್ಕೆ ಸೇರಿದರೆ ಕಷಾಯ ಸಾಕಾ?

ಚಿಕ್ಕಪ್ಪನ ಕಾಲಿಗೆ ಜಾಲಿಮುಳ್ಳು ಚುಚ್ಚಿತ್ತು. ಅರಿಶಿನ ಅರೆದು ಹಚ್ಚಿದ್ದಾಯಿತು, ಬೇವಿನೆಲೆ ಕುದಿಸಿದ ನೀರಲ್ಲಿ ತೊಳೆದದ್ದಾಯಿತು. ಮೂರನೇ ದಿನ ಪಾದ ಊದಿ ಚಳಿಜ್ವರ ಬಂತು. ರಾತ್ರಿ ಮಗನನ್ನೇ ಗುರುತಿಸದೆ ಏನೇನೋ ಮಾತಾಡತೊಡಗಿದರು. "ನಂಜು ಏರಿದೆ, ಇನ್ನೊಂದು ಲೋಟ ಕುಡಿಸಮ್ಮ" ಅಂದರು ಅಜ್ಜಿ. ಅದು ಅಮೃತಬಳ್ಳಿ ಕಷಾಯ. ಬೆಳಗ್ಗೆ ಆಸ್ಪತ್ರೆ ಸೇರಿದಾಗ ಬಿಪಿ ಕುಸಿದಿತ್ತು. ಪುಣ್ಯಕ್ಕೆ ಉಳಿದುಕೊಂಡರು.

ಗಾಯ ಕೀವಾದರೂ ನಾವು ನಂಜು ಅನ್ನುತ್ತೇವೆ, ಸೋಂಕು ರಕ್ತಕ್ಕೆ ಸೇರಿದರೂ ನಂಜು ಅನ್ನುತ್ತೇವೆ. ಮಾತು ಒಂದೇ, ಕಾಯಿಲೆ ಬೇರೆ. ಸೋಂಕಿನ ವಿರುದ್ಧ ಹೋರಾಡುವ ದೇಹ ಹದ ತಪ್ಪಿ ತನ್ನದೇ ಮೂತ್ರಪಿಂಡ, ಶ್ವಾಸಕೋಶಗಳನ್ನು ಕೆಡಿಸಿಕೊಳ್ಳುವ ಸ್ಥಿತಿಗೆ ಸೆಪ್ಸಿಸ್ ಎಂದು ಹೆಸರು. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.89 ಕೋಟಿ ಜನರಿಗೆ ಇದು ಬಂದಿತ್ತು, 1.1 ಕೋಟಿ ಜನ ತೀರಿಕೊಂಡರು ಎಂಬ ಅಂದಾಜಿದೆ.

ಅರಿಶಿನ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಅನ್ನುವುದು ಸುಳ್ಳಲ್ಲ. ಆದರೆ ಅದು ಕಂಡದ್ದು ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ. ಅದರೊಳಗಿನ ಕರ್ಕ್ಯುಮಿನ್ ನೀರಲ್ಲಿ ಕರಗುವುದೇ ಕಷ್ಟ. ಹೊಟ್ಟೆಗೆ ಹೋದದ್ದರಲ್ಲಿ ಜಾಸ್ತಿ ಪಾಲು ಹಾಗೇ ಹೊರಗೆ ಹೋಗುತ್ತದೆ, ಒಳಗೆ ಸೇರಿದ್ದನ್ನೂ ಕರುಳು, ಪಿತ್ತಜನಕಾಂಗ ಬೇಗ ಬದಲಾಯಿಸಿಬಿಡುತ್ತವೆ. ದಿನಕ್ಕೆ 8 ಗ್ರಾಂ ಕರ್ಕ್ಯುಮಿನ್ ಕೊಟ್ಟು ನೋಡಿದಾಗಲೂ ರಕ್ತದಲ್ಲಿ ಸಿಕ್ಕಿದ್ದು ತೀರಾ ಅಲ್ಪ. ತಟ್ಟೆಯಲ್ಲಿ ಗೆದ್ದರೆ ಸಾಕಾ, ರಕ್ತದವರೆಗೆ ತಲುಪಬೇಕಲ್ವಾ?

ಅಮೃತಬಳ್ಳಿಯದು ಇನ್ನೊಂದು ಕಥೆ. ಕೋವಿಡ್ ಕಾಲದಲ್ಲಿ ಅದನ್ನು ಸೇವಿಸಿದ ಕೆಲವರ ಪಿತ್ತಜನಕಾಂಗಕ್ಕೆ ಪೆಟ್ಟು ಬಿದ್ದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆಮೇಲೆ ದೇಶದ ಬೇರೆ ಬೇರೆ ಆಸ್ಪತ್ರೆಗಳಿಂದಲೂ ಅಂಥದೇ ವರದಿ ಬಂತು.

ಹಾಗಾದರೆ ಗಿಡಮೂಲಿಕೆಗೆ ಇಲ್ಲಿ ಜಾಗವೇ ಇಲ್ಲವೇ? ಇದೆ. ಚೀನಾದಲ್ಲಿ ಶುಯೆಬಿಜಿಂಗ್ ಎಂಬ ಇಂಜೆಕ್ಷನ್ ಇದೆ. 'ರಕ್ತ ಶುದ್ಧವಾಗಲೇಬೇಕು' ಅನ್ನುವಂಥ ಅರ್ಥದ ಹೆಸರು. ಐದು ಮೂಲಿಕೆಗಳ ಸಾರ ಅದು, ಒಂದು ನಮ್ಮ ವಿಜಯಪುರ, ಕಲಬುರಗಿ ಹೊಲಗಳಲ್ಲಿ ಬೆಳೆಯುವ ಕುಸುಬೆಯ ಹೂವು. ಅಲ್ಲಿನ 45 ಕೇಂದ್ರಗಳಲ್ಲಿ 1,817 ಸೆಪ್ಸಿಸ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದಕ್ಕೆ ಈ ಔಷಧಿ, ಇನ್ನೊಂದಕ್ಕೆ ಸುಮ್ನೆ ಔಷಧಿಯಿಲ್ಲದ ದ್ರಾವಣ. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. 28 ದಿನಗಳಲ್ಲಿ ಔಷಧಿ ಪಡೆದವರಲ್ಲಿ ಶೇ 18.8 ಜನ, ಪಡೆಯದವರಲ್ಲಿ ಶೇ 26.1 ಜನ ಸತ್ತಿದ್ದರು. 2023ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನಾನು ಇದನ್ನು ಓದಿ ನಿಜಕ್ಕೂ ಖುಷಿಪಟ್ಟೆ. ನಮ್ಮ ಮೂಲಿಕೆಗಳಿಗೂ ಇಂಥ ಪರೀಕ್ಷೆ ಆಗಲಿ ಅನ್ನಿಸಿತು.

ಒಂದು ಮಾತು ಮಾತ್ರ ಮರೆಯಬಾರದು. ಎರಡೂ ಗುಂಪಿಗೆ ಮಾಮೂಲಿ ಸೆಪ್ಸಿಸ್ ಚಿಕಿತ್ಸೆ ನಡೆದೇ ಇತ್ತು, ಆಂಟಿಬಯೋಟಿಕ್ ನಿಂತಿರಲಿಲ್ಲ. ಮೂಲಿಕೆ ಅದರ ಜೊತೆಗೆ ಹೋಯಿತು, ಅದೂ ನೇರ ರಕ್ತನಾಳಕ್ಕೆ. ಪರೀಕ್ಷೆ ನಡೆದದ್ದು ಒಂದೇ ದೇಶದಲ್ಲಿ, ಬೇರೆ ಕಡೆಯೂ ಇದೇ ಫಲ ಬರಬೇಕು. ಕುಸುಬೆ ಹೂವು ಕುದಿಸಿ ಕುಡಿದರೆ ಹೀಗಾಗುತ್ತದೆ ಅಂತ ಯಾರೂ ತೋರಿಸಿಲ್ಲ.

ನಡುಕ, ಏದುಸಿರು, ಮೂತ್ರ ಕಡಿಮೆಯಾಗುವುದು, ಮಾತು ತಡವರಿಸುವುದು ಕಂಡರೆ ಅದು ಬರೀ ಗಾಯದ ನಂಜಲ್ಲ, ಸೆಪ್ಸಿಸ್ ಇರಬಹುದು. ಬಿಪಿ ಕುಸಿದವರಿಗೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರುವಾಗಬೇಕು ಎನ್ನುತ್ತದೆ ವೈದ್ಯರ ಮಾರ್ಗಸೂಚಿ. ನಾವು ಆ ರಾತ್ರಿ ಬೆಳಕು ಹರಿಯುವವರೆಗೂ ಒಲೆ ಮುಂದೆ ಕಷಾಯ ಕಾಯಿಸುತ್ತಾ ಕೂತಿದ್ದೆವು.