ಹಾಜರಿ ಕೇಳುವ ಆಟಗಳು

ಹೋದ ವರ್ಷ ಜುಲೈನಲ್ಲಿ ಮೂಡಿಗೆರೆ ಕಡೆಯ ನಮ್ಮ ತೋಟದ ಅಂಚಿನಲ್ಲಿ ಒಂದು ಸಿಲ್ವರ್ ಮರ ಬಿತ್ತು. ಬೀಳುವಾಗ ಕರೆಂಟ್ ತಂತಿಯನ್ನೂ, ಅದರ ಜೊತೆಗೇ ಎಳೆದಿದ್ದ ಫೈಬರ್ ಕೇಬಲ್ಲನ್ನೂ ಎಳೆದುಕೊಂಡೇ ಮಲಗಿತು. ಕರೆಂಟ್ ಮೂರನೇ ದಿನ ಬಂತು. ಫೈಬರ್ ಬರಲು ಒಂಬತ್ತು ದಿನ ಬೇಕಾಯಿತು. ಮಲೆನಾಡಿನಲ್ಲಿ ಇದನ್ನು ಯಾರೂ ಸುದ್ದಿ ಅಂತ ಹೇಳುವುದಿಲ್ಲ.

ಅಣ್ಣನ ಮಗನಿಗೆ ಮಾತ್ರ ದೊಡ್ಡ ಸುದ್ದಿಯಾಯಿತು. ಮಳೆ ರಜೆ ಬೇರೆ ಕೊಟ್ಟಿದ್ದರು. ಕರೆಂಟ್ ಬಂದ ಕೂಡಲೇ ಕಂಪ್ಯೂಟರ್ ಮುಂದೆ ಕೂತ. ಅವನದು ಒಬ್ಬನೇ ಆಡುವ ಆಟ. ಎದುರಾಳಿ ಇಲ್ಲ, ತಂಡ ಇಲ್ಲ. ದುಡ್ಡು ಕೊಟ್ಟು ತಗೊಂಡಿದ್ದು. ಅರವತ್ತು ಜಿಬಿ ಪೂರ್ತಿ ಅವನ ಡಿಸ್ಕಿನಲ್ಲೇ ಇದೆ. ಆದರೂ ಪರದೆ ಮೇಲೆ ಒಂದೇ ಮಾತು: ಸರ್ವರ್ ಸಂಪರ್ಕ ಸಿಗುತ್ತಿಲ್ಲ, ಮತ್ತೆ ಪ್ರಯತ್ನಿಸಿ.

"ಚಿಕ್ಕಪ್ಪ, ಆಟ ಇರೋದು ಇಲ್ಲೇ ಅಲ್ವಾ? ಮತ್ತೆ ಅಲ್ಲಿ ಯಾರನ್ನ ಕೇಳ್ತಿದೆ ಇದು?"

ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ "ಸರ್ವರ್ ಇಲ್ಲ, ನಾಳೆ ಬನ್ನಿ" ಅನ್ನಿಸಿಕೊಂಡು ಬಂದವರಿಗೆಲ್ಲ ಈ ಪ್ರಶ್ನೆಯ ರುಚಿ ಗೊತ್ತು. ಅಕ್ಕಿ ಕಣ್ಣೆದುರಿಗೇ ಇರುತ್ತದೆ. ಕೊಡಬಹುದು ಎಂದು ಹೇಳಬೇಕಾದವನು ಮಾತ್ರ ಎಲ್ಲೋ ದೂರದಲ್ಲಿರುತ್ತಾನೆ.

ಹುಡುಗನಿಗೆ ನಾನು ತೋಟದ ಲೆಕ್ಕದಲ್ಲೇ ಹೇಳಿದೆ. ಬೆಳಿಗ್ಗೆ ರೈಟರ್ ಚೆಕ್‌ರೋಲ್ ಪುಸ್ತಕ ಹಿಡಿದು ನಿಲ್ಲುತ್ತಾರೆ. ಹೆಸರು ಕರೆದು ಹಾಜರಿ ಹಾಕುತ್ತಾರೆ. ಆಮೇಲೆ ಜನ ಮರಗಸಿಗೋ, ಅಂದರೆ ನೆರಳಿನ ಮರಗಳ ಕೊಂಬೆ ಸವರಲೋ, ಕಳೆ ಹೊಡೆಯಲೋ ಹೋಗುತ್ತಾರೆ. ಸಂಜೆವರೆಗೆ ಮತ್ತೆ ಹೆಸರು ಕರೆಯುವುದಿಲ್ಲ. ಈಗ ಒಬ್ಬ ರೈಟರ್ ಎರಡೆರಡು ನಿಮಿಷಕ್ಕೆ ಬಂದು "ಇದ್ದೀಯಾ?" ಅಂತ ಕೇಳುತ್ತಾನೆ, ಮಳೆ ಸದ್ದಿಗೆ ನಿನ್ನ ಉತ್ತರ ಕೇಳಿಸದಿದ್ದರೆ ಆ ದಿನದ ಕೆಲಸವನ್ನೇ ನಿಲ್ಲಿಸುತ್ತಾನೆ ಅಂದುಕೋ. ನಿನ್ನ ಆಟದೊಳಗೆ ಕೂತಿರುವುದು ಆ ಎರಡನೇ ರೈಟರ್.

ತಂತ್ರಜ್ಞರು ಇದನ್ನು ಹಾರ್ಟ್‌ಬೀಟ್ ಅನ್ನುತ್ತಾರೆ, ಎದೆಬಡಿತ. ಆಟ ಶುರುವಾದಾಗ ಖಾತೆಯ ಹೆಸರು, ಪಾಸ್‌ವರ್ಡ್ ಸರ್ವರಿಗೆ ಹೋಗಿ, ಅಲ್ಲಿಂದ ಒಂದು ಟೋಕನ್, ಅಂದರೆ ಗುರುತಿನ ಚೀಟಿ ಬರುತ್ತದೆ. ಆಮೇಲೆ ಆಗಾಗ ಆ ಟೋಕನ್ ತೋರಿಸಿ "ಇದ್ದೇನೆ" ಎಂದು ಹೇಳಬೇಕು. ಒಂದೊಂದು ಸಂದೇಶವೂ ಪುಟ್ಟದು. ಹಳೇ 2ಜಿ ಸಿಗ್ನಲ್ ಇದ್ದರೂ ಸಾಕು. ಹಾಗಾಗಿ "ನಿಮ್ಮೂರಲ್ಲಿ ನೆಟ್ ಸ್ಪೀಡ್ ಇಲ್ಲ ಬಿಡಿ" ಅನ್ನುವವರ ಮಾತು ಇಲ್ಲಿ ಸಲ್ಲುವುದಿಲ್ಲ. ಇದಕ್ಕೆ ವೇಗ ಬೇಕಿಲ್ಲ, ಕಡಿಯದೆ ಇರಬೇಕು ಅಷ್ಟೇ. ನಮ್ಮಲ್ಲಿ ಸಿಗದೇ ಇರುವುದೂ ಅದೇ. ಎಷ್ಟು ಬಡಿತ ತಪ್ಪಿದರೆ ಆಟ ನಿಲ್ಲಿಸಬೇಕು, ಅರ್ಧ ನಿಮಿಷಕ್ಕೋ, ಒಂದು ದಿನಕ್ಕೋ, ಒಂದು ತಿಂಗಳಿಗೋ ಎನ್ನುವುದು ಪ್ರೋಗ್ರಾಂನಲ್ಲಿ ಬರೆದಿಟ್ಟ ಒಂದು ಅಂಕಿ. ಅದನ್ನು ಬರೆದವರು ಬದಲಾಯಿಸಲೂಬಹುದು.

ಆಡುವವನು ಕದ್ದ ನಕಲು ಆಡುತ್ತಿದ್ದಾನೋ ಏನೋ ಎಂದು ಕಂಪನಿಗಳಿಗೆ ಇಷ್ಟು ಅನುಮಾನ ಯಾಕೆ ಬಂತು? ನಕಲು ತಡೆಯುವ ಯತ್ನ ಬಹಳ ಹಳೆಯದು. ಇಂಟರ್‌ನೆಟ್ ಮನೆಮನೆಗೆ ಬರುವ ಮುಂಚೆ "ಕೈಪಿಡಿಯ ಇಂಥ ಪುಟದ ಇಂಥ ಪದ ಟೈಪ್ ಮಾಡಿ" ಎಂದು ಆಟ ಕೇಳುತ್ತಿತ್ತು. ಜೆರಾಕ್ಸ್ ಅಂಗಡಿ ಆ ಬೀಗ ಮುರಿಯಿತು. ಆಮೇಲೆ ಸಿ.ಡಿ. ಡ್ರೈವಿನಲ್ಲೇ ಇರಬೇಕು ಎಂದರು. ಅದೂ ಮುರಿಯಿತು. ಕಾರಣ ಸರಳ. ತಪಾಸಣೆ ಮಾಡುವ ಕೋಡ್ ಇರುವುದು ಆಡುವವನ ಯಂತ್ರದಲ್ಲೇ. ಗೊತ್ತಿದ್ದವನು ಆ ಕೋಡ್ ಹುಡುಕಿ, ಉತ್ತರ ಏನೇ ಬಂದರೂ "ಸರಿ" ಅನ್ನುವ ಹಾಗೆ ತಿದ್ದಿಬಿಡುತ್ತಾನೆ. ಬೀಗ ಒಡೆಯುವ ಗೊಡವೆಯೇ ಇಲ್ಲ, ಕಾವಲುಗಾರನನ್ನೇ ಎತ್ತಿ ಆಚೆ ಕೂರಿಸಿದ ಹಾಗೆ.

ಇದಕ್ಕೆ ಯೂಬಿಸಾಫ್ಟ್ ಎಂಬ ಫ್ರಾನ್ಸಿನ ಆಟದ ಕಂಪನಿ 2010ರಲ್ಲಿ ಒಂದು ಉಪಾಯ ಮಾಡಿತು. ಆ ವರ್ಷ ಪಿಸಿಗೆ ಬಂದ ಅಸಾಸಿನ್ಸ್ ಕ್ರೀಡ್ 2, ಸೈಲೆಂಟ್ ಹಂಟರ್ 5 ಆಟಗಳಿಗೆ ಸದಾ ಸಂಪರ್ಕ ಕಡ್ಡಾಯ. ಜೊತೆಗೆ, ಅಸಾಸಿನ್ಸ್ ಕ್ರೀಡ್ 2 ನಡೆಯಲು ಬೇಕಾದ ಕೆಲವು ಮೌಲ್ಯಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಡಿಸ್ಕಿನಲ್ಲಿ ಇಡದೆ ಸರ್ವರಿನಲ್ಲೇ ಇಟ್ಟುಕೊಂಡರು. ಅಡುಗೆಗೆ ಎಲ್ಲ ಸಾಮಾನು ಕೊಟ್ಟು ಉಪ್ಪನ್ನು ಮಾತ್ರ ತಮ್ಮ ಜೇಬಿನಲ್ಲಿ ಇಟ್ಟುಕೊಂಡ ಹಾಗೆ. ಕಾವಲುಗಾರನನ್ನು ಎತ್ತಿ ಹಾಕಿದರೂ ಉಪ್ಪು ಸಿಗುವುದಿಲ್ಲ. ಬುದ್ಧಿವಂತಿಕೆಯೇ, ಒಪ್ಪುತ್ತೇನೆ.

ಆಮೇಲೆ ಆದದ್ದು ನೋಡಿ. ಆಟ ಬಂದ ಮೊದಲ ದಿನಗಳಲ್ಲೇ, 2010ರ ಮಾರ್ಚಿನಲ್ಲಿ, ಆ ಸರ್ವರುಗಳ ಮೇಲೆ ಯಾರೋ ದಾಳಿ ಮಾಡಿದರು. ಸರ್ವರ್ ತಡವರಿಸಿತು. ದುಡ್ಡು ಕೊಟ್ಟ ಎಷ್ಟೋ ಜನ ಆಡಲಾಗದೆ ಕೂತರು. ಶುರುವಿನಲ್ಲಿ ಇನ್ನೂ ಒಂದು ಕಾಟ ಇತ್ತು. ಮಧ್ಯೆ ಸಂಪರ್ಕ ಕಡಿದರೆ ಆಟ ಹಿಂದಿನ ಚೆಕ್‌ಪಾಯಿಂಟಿಗೆ, ಅಂದರೆ ಕೊನೆಗೆ ಗುರುತು ಹಾಕಿಟ್ಟ ಜಾಗಕ್ಕೆ, ಎಸೆದುಬಿಡುತ್ತಿತ್ತು. ಅರ್ಧ ಗಂಟೆ ಗೋಪುರ ಹತ್ತಿದ್ದು ನೀರಿನಲ್ಲಿ ಹೋಮ. ಒಂದೆರಡು ತಿಂಗಳಲ್ಲಿ ಕ್ರ್ಯಾಕ್, ಅಂದರೆ ಬೀಗ ಮುರಿಯುವ ದಾರಿ ಕೂಡ ಬಂತು. ಸರ್ವರ್ ಯಾವ ಮೌಲ್ಯಗಳನ್ನು ಕಳಿಸುತ್ತದೆ ಎಂದು ಕೇಳಿಸಿಕೊಂಡು ಬರೆದುಕೊಂಡರೆ, ಅದೇ ಉತ್ತರ ಕೊಡುವ ಸುಳ್ಳು ಸರ್ವರ್ ಕಟ್ಟಬಹುದಲ್ಲ. ಅಲ್ಲಿಗೆ ಕದ್ದು ಆಡುವವನು ಯಾರ ಹಂಗೂ ಇಲ್ಲದೆ ಆಡತೊಡಗಿದ. ಕೊಂಡವನು ನೆಟ್ ಬರಲಿ ಎಂದು ಕಾಯುತ್ತಿದ್ದ.

ಸಡಿಲ ಆಗಿದ್ದು ಹಂತಹಂತವಾಗಿ. ಮೊದಲು ಚೆಕ್‌ಪಾಯಿಂಟ್ ಕಾಟ ಹೋಯಿತು, ಆಟ ನಿಂತ ಜಾಗದಿಂದಲೇ ಮುಂದುವರಿಯಿತು. ಆಮೇಲೆ ಆಟ ತೆರೆಯುವಾಗ ಒಮ್ಮೆ ಹಾಜರಿ ಕೊಟ್ಟರೆ ಸಾಕು ಎಂದಾಯಿತು. 2012ರ ಸೆಪ್ಟೆಂಬರಿನಲ್ಲಿ ಅದೇ ಕಂಪನಿ, ಸದಾ ಸಂಪರ್ಕದ ನಿಯಮವನ್ನು ಹಿಂದಿನ ವರ್ಷದ ಮಧ್ಯದಿಂದಲೇ ಕೈಬಿಟ್ಟಿದ್ದೇವೆ, ಇನ್‌ಸ್ಟಾಲ್ ಮಾಡುವಾಗ ಒಂದೇ ಸಲ ಆನ್‌ಲೈನ್ ಬಂದರೆ ಸಾಕು ಎಂದು ಹೇಳಿತು. ಎರಡನೇ ರೈಟರ್ ಹೋಗಿ ಮೊದಲನೆಯವರು ಬಂದರು. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಎಂಬ ಕಂಪನಿ 2011ರಲ್ಲಿ ದಿ ವಿಚರ್ 2 ಆಟ ಬಿಟ್ಟ ತಿಂಗಳಲ್ಲೇ ಅಪ್‌ಡೇಟ್ ಕೊಟ್ಟು ನಕಲು ತಡೆಯನ್ನೇ ಕಿತ್ತುಹಾಕಿತ್ತು. ಧೈರ್ಯ ಅಂದರೆ ಅದು.

ಆದರೆ ಎಲ್ಲ ಬೀಗವನ್ನೂ ಇಷ್ಟು ಸುಲಭವಾಗಿ ತೆಗೆಯಲು ಆಗುವುದಿಲ್ಲ. ಸಿಮ್‌ಸಿಟಿ ಕತೆ ಕೇಳಿ. 2013ರ ಮಾರ್ಚಿನಲ್ಲಿ ಇಎ ಎಂಬ ಅಮೆರಿಕದ ಕಂಪನಿ ಅದನ್ನು ಬಿಟ್ಟಾಗ ಜನ ಮುಗಿಬಿದ್ದು ಸರ್ವರುಗಳು ಕುಸಿದವು. ಊರು ಕಟ್ಟುವ ಆಟ ಅದು. ನೆಟ್ ಇಲ್ಲದೆ ಯಾಕೆ ಆಡಬಾರದು ಅಂತ ಕೇಳಿದರೆ, ಲೆಕ್ಕದ ದೊಡ್ಡ ಪಾಲು ನಮ್ಮ ಸರ್ವರಿನಲ್ಲೇ ಆಗುತ್ತದೆ ಅಂದರು. ಕೆಲವೇ ದಿನಗಳಲ್ಲಿ ಒಬ್ಬ ಆಟಗಾರ ಕೋಡ್ ಸ್ವಲ್ಪ ತಿದ್ದಿ, ನೆಟ್ ತೆಗೆದೂ ಊರು ನಡೆಯುತ್ತದೆ ಎಂದು ತೋರಿಸಿಬಿಟ್ಟ. ಕಂಪನಿಯವರು ಪೂರ್ತಿ ಸುಳ್ಳು ಹೇಳಿದರು ಅಂತಲ್ಲ. ಅಕ್ಕಪಕ್ಕದ ಊರುಗಳ ನಡುವಿನ ವ್ಯವಹಾರ, ಆಟ ಉಳಿಸುವುದು, ಇವೆಲ್ಲ ನಿಜಕ್ಕೂ ಸರ್ವರಿನಲ್ಲಿದ್ದವು. ಅದನ್ನೆಲ್ಲ ಮನೆಯ ಕಂಪ್ಯೂಟರಿಗೆ ತರಲು ಆರು ತಿಂಗಳಿಗೂ ಜಾಸ್ತಿ ಕೆಲಸ ಹಿಡಿಯಿತು ಎಂದು ತಂಡದ ಎಂಜಿನಿಯರ್ ಆಮೇಲೆ ಹೇಳಿದರು. ಆಫ್‌ಲೈನ್ ಆಡುವ ದಾರಿ ಬಂದದ್ದು 2014ರ ಮಾರ್ಚಿನಲ್ಲಿ. ಹಾಜರಿ ಕೇಳುವುದನ್ನು ನಿಲ್ಲಿಸಲು ಒಂದು ಸಾಲು ತಿದ್ದಿದರೆ ಆಯಿತು. ಆಟದ ಒಂದು ಕೋಣೆಯನ್ನೇ ದೂರದಲ್ಲಿ ಕಟ್ಟಿದ್ದರೆ ಆ ಕೋಣೆಯನ್ನು ಇಲ್ಲಿ ಹೊಸದಾಗಿ ಕಟ್ಟಬೇಕು. ಡಯಾಬ್ಲೊ 3 ಇನ್ನೊಂದು ತಮಾಷೆ. 2012ರಲ್ಲಿ ಪಿಸಿಯಲ್ಲಿ ನೆಟ್ ಇಲ್ಲದೆ ಅಲುಗದ ಆ ಆಟ, ಮರುವರ್ಷ ಟಿವಿಗೆ ಹಾಕುವ ಕನ್ಸೋಲುಗಳಲ್ಲಿ ಆಫ್‌ಲೈನೇ ಓಡಿತು!

ಹಾಗಾದರೆ ಬೀಗವೂ ಇದ್ದು, ಸಿಲ್ವರ್ ಮರ ಬಿದ್ದಾಗಲೂ ಆಡುವ ಹಾಗೆ ಮಾಡಲು ಆಗುವುದಿಲ್ಲವೇ? ಆಗುತ್ತದೆ. ಘಾಟಿ ಇಳಿಯುವ ಮುಂಚೆ ಮರದ ಲಾರಿಯನ್ನು ಚೆಕ್‌ಪೋಸ್ಟಿನಲ್ಲಿ ನಿಲ್ಲಿಸುತ್ತಾರೆ. ಅಲ್ಲಿರುವವರು ಪ್ರತಿ ಲಾರಿಗೂ ಆಫೀಸಿಗೆ ಫೋನ್ ಮಾಡುವುದಿಲ್ಲ. ಪಾಸಿನ ಮೇಲಿನ ಸೀಲು, ಲಾರಿ ನಂಬರು, ತಾರೀಖು ನೋಡುತ್ತಾರೆ, ಬಿಡುತ್ತಾರೆ. ಆಟಕ್ಕೂ ಅಂಥ ಪಾಸ್ ಕೊಡಬಹುದು. ಇದರ ಬುಡದಲ್ಲಿರುವುದು ಜೋಡಿ ಕೀಲಿಗಳ ಗಣಿತ. 1977ರಲ್ಲಿ ರಿವೆಸ್ಟ್, ಶಮೀರ್, ಆ್ಯಡಲ್‌ಮನ್ ಎಂಬ ಮೂವರು ರೂಪಿಸಿದ ಆರ್‌ಎಸ್‌ಎ ಇದರ ಪ್ರಸಿದ್ಧ ಉದಾಹರಣೆ. ಒಂದು ಕೀಲಿ ಗುಟ್ಟಿನದು, ಕಂಪನಿ ಹತ್ತಿರವೇ ಇರುತ್ತದೆ, ಅದರಿಂದ ಸೀಲು ಒತ್ತುತ್ತಾರೆ. ಇನ್ನೊಂದು ಬಹಿರಂಗದ್ದು, ಆಟದೊಳಗೇ ಇರುತ್ತದೆ, ಅದರಿಂದ ಸೀಲು ಅಸಲಿಯೋ ನಕಲಿಯೋ ನೋಡಬಹುದು. ನೋಡುವ ಕೀಲಿಯಿಂದ ಒತ್ತಲು ಬರುವುದಿಲ್ಲ. ಯಾವ ಖಾತೆ, ಯಾವ ಆಟ, ಯಾವ ಯಂತ್ರ, ಯಾವತ್ತಿನವರೆಗೆ ಎಂದು ಪಾಸಿನಲ್ಲಿ ಬರೆದಿರುತ್ತದೆ. ಒಂದಂಕಿ ತಿದ್ದಿದರೂ ಸೀಲು ಹೊಂದುವುದಿಲ್ಲ. ಇಷ್ಟಿದ್ದರೆ ತಿಂಗಳಿಗೊಮ್ಮೆ ನೆಟ್ ಕಂಡರೂ ನಡೆಯುತ್ತದೆ.

ತೊಡಕು ಇಲ್ಲ ಅಂತಲ್ಲ. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಹಳೇ ಪಾಸು ಮತ್ತೆ ಚಾಲ್ತಿಗೆ ಬರುತ್ತದೆ. ಅದಕ್ಕೆ ಆಟ ತಾನು ಕೊನೆಗೆ ಕಂಡ ತಾರೀಖನ್ನು ಬರೆದಿಟ್ಟುಕೊಳ್ಳಬಹುದು, ಅದಕ್ಕಿಂತ ಹಿಂದಿನ ದಿನ ಕಂಡರೆ ಒಪ್ಪದಿರಬಹುದು. ಆಗ ಅಮಾಯಕರು ಸಿಕ್ಕಿಬೀಳುತ್ತಾರೆ. ಮದರ್‌ಬೋರ್ಡಿನಲ್ಲಿ ಗುಂಡಿಯಂಥ ಒಂದು ಸೆಲ್ ಇರುತ್ತದಲ್ಲ, ಅದು ಸತ್ತರೆ ಕಂಪ್ಯೂಟರ್ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದೆ, ಸೆಲ್ ಒಂದರ ಮೇಲೇ ಬದುಕುವ ನಮ್ಮ ಯಂತ್ರಗಳಿಗೆ ಇದು ಹೊಸದೇನಲ್ಲ. ಕಾವಲುಗಾರನನ್ನು ಎತ್ತಿ ಹಾಕುವ ಹಳೇ ದಾರಿ ಕೂಡ ಇದ್ದೇ ಇದೆ. ಆದರೆ ಆ ದಾರಿ ಹಿಡಿಯುವವನನ್ನು ಎರಡು ನಿಮಿಷದ ಹಾಜರಿಯೂ ತಡೆಯಲಿಲ್ಲವಲ್ಲ. ಹಾಗಿರುವಾಗ ಬಿಗಿ ಮಾಡುವುದರ ಭಾರ ಬೀಳುವುದು ದುಡ್ಡು ಕೊಟ್ಟವನ ಮೇಲೇ ಎಂಬುದು ನನ್ನ ಲೆಕ್ಕ.

ಸರ್ವರನ್ನೇ ಮುಚ್ಚಿದರೆ ಹೊಸ ಪಾಸು ಕೊಡುವವರೇ ಇರುವುದಿಲ್ಲ. ಯೂಬಿಸಾಫ್ಟಿನ ಕಾರ್ ರೇಸಿನ ಆಟ ದಿ ಕ್ರೂ 2024ರ ಮಾರ್ಚ್ 31ಕ್ಕೆ ಹಾಗೆ ನಿಂತಿತು. ಒಬ್ಬರೇ ಆಡುವ ಭಾಗವೂ ಜೊತೆಗೇ ಹೋಯಿತು. ಇದರಿಂದ ಶುರುವಾದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಯ ಮನವಿಗೆ 2025ರ ಜುಲೈ ಹೊತ್ತಿಗೆ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಆ ಸರಣಿಯ ಮುಂದಿನ ಆಟಗಳಿಗೆ ಆಫ್‌ಲೈನ್ ದಾರಿ ಮಾಡಿಕೊಡುವುದಾಗಿ ಕಂಪನಿ 2024ರಲ್ಲೇ ಹೇಳಿತ್ತು.

ನಮ್ಮ ಹುಡುಗ ಯಾರ ಸಹಿಗೂ ಕಾಯಲಿಲ್ಲ. ಈ ಸಲ ಮೇ ಕೊನೆಯಲ್ಲಿ, ಮನೆಯವರೆಲ್ಲ ಸೌದೆ ಒಟ್ಟುತ್ತಿದ್ದಾಗ, ಅವನು ತನ್ನ ಆಟಗಳನ್ನೆಲ್ಲ ಒಂದೊಂದಾಗಿ ತೆರೆದು ಹಾಜರಿ ಹಾಕಿಸಿದ. ಆಮೇಲೆ ರೂಟರ್ ಆಫ್ ಮಾಡಿ ಮತ್ತೆ ಒಂದೊಂದಾಗಿ ತೆರೆದು ನೋಡಿದ. ಹಳೇ ಚೆಕ್‌ರೋಲ್ ಹಾಳೆಯ ಹಿಂಬದಿಗೆ ಪೆನ್ಸಿಲ್ಲಿನಲ್ಲಿ ಪಟ್ಟಿ ಮಾಡಿದ. ಹದಿನಾಲ್ಕರಲ್ಲಿ ಹನ್ನೊಂದು ತೆರೆದವು. ಉಳಿದ ಮೂರರ ಮುಂದೆ, ರೈಟರ್ ಹಾಕುವ ಹಾಗೇ, "ಗೈರು" ಎಂದು ಬರೆದಿದ್ದಾನೆ. ಹಾಳೆ ಇನ್ವರ್ಟರ್ ಮೇಲಿನ ಗೋಡೆಯಲ್ಲಿದೆ. ಒಂದು ಮೂಲೆಗೆ ಆಗಲೇ ಬೂಷ್ಟು ಹಿಡಿಯುತ್ತಿದೆ.