ಚೌಕದ ಕೋಣೆ, ದುಂಡು ಗುಮ್ಮಟ: ಆದಿಲ್‌ಶಾಹಿ ಕಟ್ಟಡಗಳನ್ನು ಅರ್ಥ ಮಾಡಿಕೊಳ್ಳುವುದು ಹೇಗೆ

ವಿಜಾಪುರದ (ಈಗಿನ ವಿಜಯಪುರದ) ಸುಲ್ತಾನರ ಆದಿಲ್‌ಶಾಹಿ ಶೈಲಿ ಅಂದ ಕೂಡಲೇ ನಾವೆಲ್ಲ ಒಂದು ಪಟ್ಟಿ ಬಾಯಿಪಾಠ ಮಾಡುತ್ತೇವೆ. ಗೋಳಗುಮ್ಮಟ 1656, ಇಬ್ರಾಹಿಂ ರೋಜಾ 1626, ಆಮೇಲೆ ಜಾಮಿಯಾ ಮಸೀದಿ, ಗಗನ ಮಹಲ್. ಇಸವಿ ನೆನಪಿರುತ್ತದೆ, ಕಟ್ಟಡ ಮಾತ್ರ ಕಣ್ಣಿಗೆ ಕಟ್ಟುವುದಿಲ್ಲ. ನನಗೆ ಈ ಶೈಲಿ ಅರ್ಥವಾಗಿದ್ದು ಒಂದೇ ಪ್ರಶ್ನೆ ಹಿಡಿದುಕೊಂಡು ಹೋದಾಗ. ಕೋಣೆ ಚೌಕ, ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಗೋಡೆಗಳ ನಡುವೆ ಗುಮ್ಮಟಕ್ಕೆ ಆಸರೆ ಸಿಗುತ್ತದೆ, ಸರಿ. ನಾಲ್ಕು ಮೂಲೆಗಳ ಕಡೆ ಅದರ ಅಂಚು ಗಾಳಿಯಲ್ಲೇ ಉಳಿಯುತ್ತದೆ ಅಲ್ವಾ? ಅಲ್ಲಿ ಅದನ್ನು ಹೊರುವವರು ಯಾರು?

ಮೊದಲು ಕಾಲ ನೋಡಿಬಿಡೋಣ. ಬಹಮನಿ ರಾಜ್ಯ ಒಡೆಯುತ್ತಿದ್ದಾಗ, 1490ರ ಸುಮಾರಿಗೆ, ಯೂಸುಫ್ ಆದಿಲ್ ಖಾನ್ ವಿಜಾಪುರದಲ್ಲಿ ಆಳ್ವಿಕೆ ಶುರು ಮಾಡಿದ. 1686ರಲ್ಲಿ ಔರಂಗಜೇಬ್ ಊರನ್ನು ಗೆದ್ದ. ನಡುವಿನ ಸುಮಾರು ಇನ್ನೂರು ವರ್ಷಗಳಲ್ಲಿ ದೊಡ್ಡ ಕಟ್ಟಡಗಳೆಲ್ಲ ಬಂದಿದ್ದು ಹೆಚ್ಚಾಗಿ ಎರಡನೇ ಅರ್ಧದಲ್ಲಿ, 1565ರ ತಾಳಿಕೋಟೆ ಯುದ್ಧದ ನಂತರ. ವಿಜಯನಗರ ಸೋತ ಮೇಲೆ ಒಂದನೇ ಅಲಿ ಆದಿಲ್ ಶಾಹನ ಕೈಗೆ ಹಣವೂ ಬಂತು, ಧೈರ್ಯವೂ ಬಂತು. ಊರಿನ ಕೋಟೆಗೋಡೆ ಮುಗಿದಿದ್ದು, ಜಾಮಿಯಾ ಮಸೀದಿ ಶುರುವಾಗಿದ್ದು ಅವನ ಕಾಲದಲ್ಲೇ.

ಇಲ್ಲಿ ಅಮೃತಶಿಲೆ ಹುಡುಕಬೇಡಿ. ಆ ಸೀಮೆಯಲ್ಲಿ ಸಿಗುವ ಕಂದುಗಪ್ಪು ಕಲ್ಲು, ಇಟ್ಟಿಗೆ, ಸುಣ್ಣದ ಗಾರೆ, ಇಷ್ಟೇ ಸಾಮಗ್ರಿ. ಇದರಲ್ಲಿ ಗಾರೆಯನ್ನು ಮಾತ್ರ ಚೆನ್ನಾಗಿ ನೆನಪಿಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಈಗ ನೋಟ್‌ಬುಕ್ ತೆಗೆಯಿರಿ. ಒಂದು ಚೌಕ ಬರೆಯಿರಿ. ಅಷ್ಟೇ ದೊಡ್ಡ ಇನ್ನೊಂದು ಚೌಕವನ್ನು ಅದರ ಮೇಲೆಯೇ ಓರೆಯಾಗಿ ಬರೆಯಿರಿ. ಎರಡನೆಯದರ ಮೂಲೆಗಳು ಮೊದಲನೆಯದರ ಬದಿಗಳ ನಡುವಿನಿಂದ ಹೊರಗೆ ಚಾಚಬೇಕು. ಎಂಟು ಮೂಲೆಯ ನಕ್ಷತ್ರ ಬಂತು. ರಂಗೋಲಿ ಹಾಕುವವರಿಗೆ ಇದು ದಿನಾ ನೋಡುವ ಆಕಾರ. ಈಗ ನಕ್ಷತ್ರದ ಹೊಟ್ಟೆ ನೋಡಿ. ಅಲ್ಲಿ ಎಂಟು ಬದಿಯ ಆಕಾರವೊಂದು ತಾನಾಗಿಯೇ ಮೂಡಿದೆ. ಚೌಕಕ್ಕಿಂತ ಅದು ದುಂಡಿಗೆ ಎಷ್ಟು ಹತ್ತಿರ!

ಗೋಳಗುಮ್ಮಟದ ಒಳಗೆ ಇರುವುದು ಇದೇ ಚಿತ್ರ. ನೀವು ಎಳೆದ ಎಂಟು ಗೆರೆಗಳ ಜಾಗದಲ್ಲಿ ಎಂಟು ಭಾರಿ ಕಮಾನುಗಳು ಎದ್ದು, ಒಂದನ್ನೊಂದು ಕತ್ತರಿಸುತ್ತ ಮೇಲೆ ಹೋಗುತ್ತವೆ. ಕಮಾನುಗಳ ನಡುವೆ ಉಳಿದ ಜಾಗವನ್ನು ಒಳಕ್ಕೆ ಬಾಗಿಸಿ ಕಟ್ಟಿ ತುಂಬಿದ್ದಾರೆ. ಮೇಲೆ ಹೋದ ಹಾಗೆ ಚೌಕ ಕಿರಿದಾಗಿ ದುಂಡನೆಯ ಕಟ್ಟೆಯಾಗುತ್ತದೆ, ಗುಮ್ಮಟ ಅದರ ಮೇಲೆ ಕೂರುತ್ತದೆ.

ಇದರಲ್ಲಿ ಇನ್ನೊಂದು ಜಾಣತನ ಇದೆ, ನನಗೆ ಬಹಳ ಇಷ್ಟವಾದದ್ದು ಅದೇ. ಯಾವ ಗುಮ್ಮಟವೇ ಆಗಲಿ, ತನ್ನ ಭಾರಕ್ಕೆ ತಾನೇ ಬುಡದಲ್ಲಿ ಹೊರಕ್ಕೆ ತಳ್ಳುತ್ತದೆ. ಸುಮ್ನೆ ಬಿಟ್ಟರೆ ಗೋಡೆಗಳು ಹೊರಗೆ ವಾಲುತ್ತವೆ. ಇಲ್ಲಿ ಕಮಾನುಗಳ ನಡುವಿನ ಕಟ್ಟಡ ಕೋಣೆಯ ಒಳಕ್ಕೆ ಚಾಚಿದೆ. ಅದರ ಭಾರ ಒಳಕ್ಕೆ ಎಳೆಯುತ್ತದೆ. ಹಗ್ಗ ಜಗ್ಗಾಟದಲ್ಲಿ ಎರಡೂ ಕಡೆ ಸಮ ಬಲ ಇದ್ದರೆ ಹಗ್ಗ ಅಲ್ಲಾಡುವುದಿಲ್ಲವಲ್ಲ, ಹಾಗೆ. ಪರೀಕ್ಷೆಯಲ್ಲಿ ಈ ಎರಡು ಸಾಲು ಬರೆದರೆ ಸಾಕು, ವಿಷಯ ಅರ್ಥವಾಗಿದೆ ಅಂತ ಓದುವವರಿಗೆ ಗೊತ್ತಾಗುತ್ತದೆ.

ಅಳತೆಗಳು: ಕಟ್ಟಡ ಹೊರಗಿನಿಂದ ಪ್ರತಿ ಬದಿಗೆ ಸುಮಾರು 47.5 ಮೀಟರ್. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್, ಒಳ ವ್ಯಾಸ ಸುಮಾರು 38. ನಡುವೆ ಒಂದು ಕಂಬವೂ ಇಲ್ಲದ ನೆಲ ಸುಮಾರು 1,700 ಚದರ ಮೀಟರ್. ನಾಲ್ಕು ಮೂಲೆಗಳಿಗೆ ಏಳು ಅಂತಸ್ತಿನ ಎಂಟುಮೂಲೆಯ ಗೋಪುರಗಳು. ಮಹಮ್ಮದ್ ಆದಿಲ್ ಶಾಹನ ಸಮಾಧಿ ಇದು. ಮಕ್ಕಳು ಕೂಗಿ ಕೂಗಿ ಆಡುವ ಪಿಸುಗುಟ್ಟುವ ಗ್ಯಾಲರಿ ಇರುವುದೂ ಆ ಒಳಚಾಚಿನ ಮೇಲೆಯೇ. ನಡೆದಾಡುವಷ್ಟು ಜಾಗ ಉಳಿಯುವಂತೆ ಗುಮ್ಮಟವನ್ನು ಅಂಚಿನಿಂದ ಹಿಂದಕ್ಕೆ ಸರಿಸಿ ಎಬ್ಬಿಸಿದ್ದಾರೆ. ಗೋಡೆಯ ಬಾಗು ಮಾತನ್ನು ಹಿಡಿದು ಎದುರು ಬದಿಗೆ ಒಯ್ಯುತ್ತದೆ. ಭಾರ ಹೊರುವ ಉಪಾಯವೇ ಕೇಳುವ ಸೋಜಿಗವೂ ಆಯಿತು.

ಆದರೆ ಈ ಉಪಾಯ ಗೋಳಗುಮ್ಮಟದಲ್ಲಿ ಹುಟ್ಟಿದ್ದಲ್ಲ. ಅದಕ್ಕಿಂತ ಸುಮಾರು ಎಂಬತ್ತು ವರ್ಷ ಹಿಂದಿನ ಜಾಮಿಯಾ ಮಸೀದಿಗೆ ಹೋಗಿ ನೋಡಿ. ಪ್ರಾರ್ಥನೆಯ ಹಜಾರದ ಲೆಕ್ಕ ಸುಲಭ: ಅಗಲಕ್ಕೆ ಒಂಬತ್ತು ಅಂಕಣ (ಕಂಬಗಳ ನಡುವಿನ ಚೌಕದ ಜಾಗ), ಆಳಕ್ಕೆ ಐದು, ಒಟ್ಟು 45. ನಟ್ಟನಡುವಿನ ಒಂಬತ್ತು ಅಂಕಣಗಳ ಒಳಗಿನ ಕಂಬಗಳನ್ನು ಬಿಟ್ಟು ಆ ಜಾಗಕ್ಕೆ ಒಂದೇ ಗುಮ್ಮಟ ಕೊಟ್ಟಿದ್ದಾರೆ. ಅದರ ಕೆಳಗೂ ಇದೇ ಹೆಣೆದ ಕಮಾನುಗಳು. ಪೂರ್ವದ ಎರಡು ಮಿನಾರುಗಳು ಕೊನೆಗೂ ಏಳಲಿಲ್ಲ. ಉಳಿದಂತೆ ಬಿಳಿ ಗಿಲಾವಿನ ಶಾಂತ ಗೋಡೆಗಳು. ಮಿಹ್ರಾಬ್, ಅಂದರೆ ಪ್ರಾರ್ಥನೆಯ ದಿಕ್ಕು ತೋರಿಸುವ ಗೋಡೆಯ ಗೂಡು, ಮಾತ್ರ ಚಿನ್ನ, ಬಣ್ಣಗಳಲ್ಲಿ ಹೊಳೆಯುತ್ತದೆ. ಆ ಬಣ್ಣ 1636ರದು, ಮೂಲ ಮಸೀದಿಯ ಕಾಲದ್ದಲ್ಲ. ಎರಡನ್ನೂ ಬೆರೆಸಬೇಡಿ.

ಇಬ್ರಾಹಿಂ ರೋಜಾದಲ್ಲಿ ಮನಸ್ಸೇ ಬೇರೆ. ಒಂದೇ ಜಗತಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರು, ನಡುವೆ ಹೊಂಡ. ಇಲ್ಲಿ ಗಾತ್ರಕ್ಕಿಂತ ಕೆತ್ತನೆ ಜಾಸ್ತಿ. ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳೇ ಜಾಲರಿ. ಅಕ್ಷರದ ಸುತ್ತಲಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ, ಬೆಳಕು ಅದರ ಸಂದಿಯಲ್ಲೇ ಒಳಗೆ ಬರಬೇಕು. ಮೂಲೆಗಳಲ್ಲಿ ತೆಳ್ಳನೆಯ ಮಿನಾರುಗಳು. ಒಳಗೆ ಹೋಗಿ ತಲೆ ಎತ್ತಿದರೆ ಗುಮ್ಮಟವೇ ಕಾಣುವುದಿಲ್ಲ! ಸುಮಾರು 12 ಮೀಟರ್ ಚೌಕದ ಕೋಣೆಗೆ ಕಲ್ಲಿನ ಚಾವಣಿ. ಅಂಚಿನಲ್ಲಿ ಸ್ವಲ್ಪ ಬಾಗಿ, ನಡುವೆ ಪೂರ್ತಿ ಚಪ್ಪಟೆ. ಕೆಳಗೆ ಕಂಬ ಇಲ್ಲ, ತೊಲೆ ಇಲ್ಲ. ಕಲ್ಲಿಗೆ ಕಲ್ಲು ಅಂಚು ಕೂಡಿಸಿ ನಿಲ್ಲಿಸಿದ್ದಾರೆ. ನಿಲ್ಲಿಸಿರುವುದು ಗಾರೆ. ನೆನಪಿಡಿ ಅಂದೆನಲ್ಲ, ಇದಕ್ಕೇ. ಗುಮ್ಮಟ ಇರುವುದು ಆ ಚಾವಣಿಯ ಮೇಲೆ, ಹೊರಗಿನ ಅಂದಕ್ಕೆ. ಕಟ್ಟಿಸಿದವನು ಮಲಿಕ್ ಸಂದಲ್. ಎರಡನೇ ಇಬ್ರಾಹಿಂ ಮತ್ತು ಅವನ ರಾಣಿ ತಾಜ್ ಸುಲ್ತಾನಾ ಮಲಗಿರುವುದು ಇಲ್ಲಿ.

ಹೊರಗಿನಿಂದ ಶೈಲಿ ಗುರುತಿಸಲು ಗುಮ್ಮಟದ ಬುಡ ನೋಡಿ. ಕಮಲದ ದಳಗಳ ಸಾಲಿನಿಂದ ಮೊಗ್ಗು ಮೇಲೆದ್ದ ಹಾಗಿರುತ್ತದೆ. ಆಮೇಲೆ ಕಣ್ಣನ್ನು ಕೆಳಗಿಳಿಸಿ: ಮುಂಚಾಚಿದ ಛಜ್ಜಾ (ಕಲ್ಲಿನ ಸೂರು), ಅದನ್ನು ಹೊತ್ತ ಸಾಲು ಸಾಲು ಕಲ್ಲಿನ ಚಾಚುಗಳು. ಮೆಹ್ತರ್ ಮಹಲಿನಲ್ಲಿ ಈ ಚಾಚುಗಳನ್ನು ಹತ್ತಿರದಿಂದ ನೋಡಬೇಕು. ಬಡಗಿ ಉಳಿಯಲ್ಲಿ ಕೊರೆದ ಮರ ಅನ್ನಿಸುತ್ತದೆ, ಮುಟ್ಟಿದರೆ ತಣ್ಣನೆ ಕಲ್ಲು. ಹೆಸರು ಮಹಲ್ ಆದರೂ ಅದು ಮಸೀದಿಯ ಹೆಬ್ಬಾಗಿಲು. ಒಂದೇ ಕಲ್ಲಿನಲ್ಲಿ ಕೆತ್ತಿದ ಸರಪಳಿಯೂ ಇಲ್ಲಿನ ಕಟ್ಟಡಗಳಲ್ಲಿ ಇದೆ. ಕಂಚಿಯ ವರದರಾಜ ದೇವಸ್ಥಾನದಲ್ಲಿ ಕಲ್ಲಿನ ಸರಪಳಿ ನೋಡಿದವರಿಗೆ ಇದು ಹೊಸದಲ್ಲ.

ಅರಮನೆಗಳ ಬಗ್ಗೆ ಬರೆಯುವುದು ಕಡಿಮೆ, ಯಾಕಂದರೆ ಉಳಿದಿರುವುದೂ ಕಡಿಮೆ. ಅವುಗಳಲ್ಲಿ ಮರದ ಕೆಲಸ ಜಾಸ್ತಿ ಇತ್ತು, ಮರ ಹೋಯಿತು. 1561ರ ಸುಮಾರಿನ ಗಗನ ಮಹಲಿನ ನಡುಗಮಾನು ಸುಮಾರು 18 ಮೀಟರ್ ಅಗಲ, ಅಕ್ಕಪಕ್ಕ ಎರಡು ಕಿರಿದಾದ ಕಮಾನು. ಕೆಳಗೆ ದರ್ಬಾರು, ಮೇಲೆ ವಾಸ. ಈಗ ಕಮಾನಿನ ಹಿಂದೆ ಬರೀ ಆಕಾಶ. ಆಸಾರ್ ಮಹಲಿನಲ್ಲಿ ಮಾತ್ರ ಎತ್ತರದ ಮರದ ಕಂಬಗಳು ನಿಂತಿವೆ. ಹೋದದ್ದು ಎಂಥದ್ದಿತ್ತು ಅಂತ ಅಂದಾಜು ಮಾಡಲು ನಮಗಿರುವುದು ಅದು.

ಕೊನೆಗೆ ಬಾರಾಕಮಾನ್ ನೋಡಿ. ಎರಡನೇ ಅಲಿ ಆದಿಲ್ ಶಾಹ ತನ್ನ ಸಮಾಧಿಗೆಂದು ಶುರು ಮಾಡಿದ, 1672ರಲ್ಲಿ ತೀರಿಕೊಂಡ. ಗುಮ್ಮಟ ಬರಲೇ ಇಲ್ಲ. ಕರಿಕಲ್ಲಿನ ಕಮಾನುಗಳು ಬಯಲಲ್ಲಿ ನಿಂತಿವೆ, ನಡುವಿನ ಕಟ್ಟೆಯ ಮೇಲೆ ಗೋರಿ. ಬೇರೆ ಕಡೆ ಗಿಲಾವಿನ ಹಿಂದೆ ಅಡಗಿರುವ ಕಮಾನು ಇಲ್ಲಿ ಬರೀ ಮೈಯಲ್ಲಿ ಸಿಗುತ್ತದೆ. ಸಂಜೆ ಹೊತ್ತು ಹೋಗಿ, ನೋಟ್‌ಬುಕ್ ಒಯ್ಯಿರಿ, ಒಂದು ಕಮಾನನ್ನು ಕಲ್ಲು ಕಲ್ಲಾಗಿ ಬರೆದುಕೊಳ್ಳಿ.